ಕುದಿಸಿದ ನೀರು

ಫೆಬ್ರವರಿ 6

ತಮ್ಮಾ,

ಈ ಪತ್ರದ ಜೊತೆ ಮೀನಿನ ಐಸು ತುಂಬಿದ ಡಬ್ಬಿಯಲ್ಲಿ ಎರಡು ಬಾಟಲಿ ನೀರಿದೆ. ಬಸ್ಸಿನ ಡ್ರೈವರ್ ನಂಬಿಗಸ್ತ. ಆದರೂ ಬಾಯಾರಿದಾಗ ಎತ್ತಿ ಕುಡಿದುಬಿಟ್ಟಾನೆಂದು ಎರಡಕ್ಕೂ ಕೆಂಪು ಚೀಟಿ ಅಂಟಿಸಿದ್ದೇನೆ. ನೀನು ಹಿಂದೆ ಹೇಳಿಕೊಟ್ಟಂತೆ ಅದೇ ನೀರಿನಲ್ಲಿ ಮೂರು ಸಲ ಬಾಟಲಿ ತೊಳೆದೇ ತುಂಬಿಸಿದ್ದು. ಸರ್ಕಾರಿ ಲ್ಯಾಬಿನಲ್ಲಿ ಮೂವತ್ತು ವರ್ಷದಿಂದ ಊರೂರ ನೀರು ಪರೀಕ್ಷೆ ಮಾಡುತ್ತೀಯ, ಅಕ್ಕನ ಮನೆ ಬಾವಿಯದ್ದೂ ಒಂದು ಸಲ ನೋಡು.

ಇದು ನಮ್ಮ ಓಣಿಯ ಹನ್ನೊಂದು ಮನೆಗೂ ಇರುವ ಒಂದೇ ಬಾವಿ. ಕಸದ ಶೆಡ್ಡಿಗೂ ಕಡಲಿಗೂ ನಡುವೆ ಮರಳಿನಲ್ಲಿ ತೋಡಿದ್ದು, ನೋಡಿದ್ದೀಯಲ್ಲ. ಕಳೆದ ಮಳೆಗಾಲದಿಂದ ನೀರಿಗೆ ಒಂಥರಾ ವಾಸನೆ. ನಿನ್ನ ಭಾವನಿಗೆ ಎರಡು ದಿನಕ್ಕೊಮ್ಮೆ ಹೊಟ್ಟೆ ಕೆಡುತ್ತದೆ. ಅವರನ್ನು ಕೇಳಿದರೆ, "ಬಾವಿಗೇನಾಗಿದೆ, ನಿನ್ನ ಅಡುಗೆದೇ ದೋಷ" ಅನ್ನುತ್ತಾರೆ. ನಿಜ ಯಾವುದೆಂದು ನೀನೇ ತೀರ್ಮಾನ ಮಾಡು.

ನನ್ನ ಕಿವಿ ಹಾಗೇ ಇದೆ. ಕಸ ಒತ್ತಿ ಮೂಟೆ ಕಟ್ಟುವ ಯಂತ್ರದ ಪಕ್ಕ ಹನ್ನೊಂದು ವರ್ಷ ನಿಂತವಳ ಕಿವಿ ಇನ್ನು ಹೇಗಿದ್ದೀತು! ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಬಾಯಿ ಇಟ್ಟು ಕೂಗಿದರೆ ಅರ್ಧ ಕೇಳುತ್ತದೆ, ಉಳಿದ ಅರ್ಧ ನಾನೇ ಕಟ್ಟಿಕೊಳ್ಳುತ್ತೇನೆ. ಅದಕ್ಕೇ ಫೋನು ಬೇಡ, ಬರೆ. ಈಗ ನನ್ನನ್ನು ಯಂತ್ರದಿಂದ ತೆಗೆದು ಶೆಡ್ಡಿನ ಗೇಟಿಗೆ ಹಾಕಿದ್ದಾರೆ. ಲಾರಿ ಬಂದರೆ ತೆಗೆಯುವುದು, ಹೋದರೆ ಮುಚ್ಚುವುದು.

ಮಗಳಿಗೆ ಹೆರಿಗೆಯಾಯಿತು. ಹೆಣ್ಣು. ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ.

ನಿನ್ನ ಅಕ್ಕ


ಫೆಬ್ರವರಿ 14

ಅಕ್ಕಾ, ನಮಸ್ಕಾರ.

ಬಾಟಲಿಗಳು ಮುಚ್ಚಳ ಒಡೆಯದೆ ತಲುಪಿದವು. ನೀನು ಕಳಿಸಿದ ರೀತಿ ನೋಡಿ ನಮ್ಮ ಹೊಸ ಹುಡುಗಿಯರಿಗೆ, "ನೋಡಿ, ಸ್ಯಾಂಪಲ್ ತರೋದು ಅಂದ್ರೆ ಹೀಗೆ" ಎಂದು ತೋರಿಸಿದೆ.

ನೀರಿನಲ್ಲಿ ಕ್ರಿಮಿಗಳಿವೆ. ಭಾವನ ಹೊಟ್ಟೆಗೆ ಅದೇ ಕಾರಣ, ನಿನ್ನ ಅಡುಗೆಗೆ ನಾನು ಕ್ಲೀನ್ ಸರ್ಟಿಫಿಕೇಟ್ ಕೊಡುತ್ತೇನೆ. ಗಾಬರಿ ಬೇಡ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸು. ಮರಳಿದ ಮೇಲೆ ಹತ್ತು ನಿಮಿಷ ಸಾಕು.

ಒಂದು ಮಾತು. ಇತ್ತೀಚೆಗೆ ಶೆಡ್ಡಿನ ಹಿಂದೆ ಯಾರಾದರೂ ಏನಾದರೂ ಸುರಿಯುತ್ತಿದ್ದಾರೆಯೇ? ಸುಮ್ಮನೆ ಕೇಳಿದೆ.

ಮಗಳಿಗೆ ಹೆಣ್ಣು ಮಗು ಎಂದು ಓದಿ ಎಷ್ಟು ಸಂತೋಷವಾಯಿತು! ನಾನೇ ಮುಂದೆ ನಿಂತು ಮಾಡಿಸಿದ ಮದುವೆ, ಚೆನ್ನಾಗಿರಲಿ. ಮಗುವಿಗೆ ಎರಡು ಅಂಗಿ ತೆಗೆದಿಟ್ಟಿದ್ದೇನೆ. ಅವರ ವಿಳಾಸ ಕಳಿಸು.

ನಿನ್ನ ತಮ್ಮ


ಫೆಬ್ರವರಿ 25

ತಮ್ಮಾ,

ನಿನ್ನ ಕಾಗದವನ್ನು ಭಾವನ ಮುಂದೆ ಎರಡು ಸಲ ಓದಿದೆ. "ಅಡುಗೆಗೆ ಸರ್ಟಿಫಿಕೇಟ್" ಎನ್ನುವ ಸಾಲನ್ನು ಮೂರು ಸಲ.

ಕುದಿಸುತ್ತಿದ್ದೇನೆ. ಹತ್ತು ನಿಮಿಷ ಅಂದಿದ್ದೀಯ, ನನಗೆ ಅಷ್ಟಕ್ಕೆ ಸಮಾಧಾನವಿಲ್ಲ. ಬೆಳಿಗ್ಗೆ ದೊಡ್ಡ ಪಾತ್ರೆ ಒಲೆಯ ಮೇಲಿಟ್ಟರೆ ಅರ್ಧಕ್ಕೆ ಇಳಿಯುವವರೆಗೂ ತೆಗೆಯುವುದಿಲ್ಲ. ಹಾಗೆ ಗಟ್ಟಿಯಾಗಿ ಕುದ್ದ ನೀರನ್ನು ಬೇರೆ ಚೊಂಬಿನಲ್ಲಿ ಬಟ್ಟೆ ಕಟ್ಟಿ ಇಡುತ್ತೇನೆ. ಇಟ್ಟ ನೀರು ಎಷ್ಟು ಹೊತ್ತು ಚೆನ್ನಾಗಿರುತ್ತದೆ, ಬರೆ.

ಯಾರೂ ಏನೂ ಸುರಿಯುತ್ತಿಲ್ಲ. ಗೇಟಿನಲ್ಲಿರುವವಳು ನಾನು, ನನಗೆ ಗೊತ್ತಿಲ್ಲದೆ ಯಾರು ಸುರಿದಾರು?

ಅಂಗಿಗಳನ್ನು ನನಗೇ ಕಳಿಸು, ನಾನು ತಲುಪಿಸುತ್ತೇನೆ. ಅವರು ಮನೆ ಬದಲಾಯಿಸುವ ಗಡಿಬಿಡಿಯಲ್ಲಿದ್ದಾರೆ.

ಅಕ್ಕ


ಮಾರ್ಚ್ 5

ಅಕ್ಕಾ,

ನೀರು ಕುದಿಸು ಎಂದರೆ ಕಷಾಯ ಮಾಡುತ್ತಿದ್ದೀಯಲ್ಲ! ಪಾಪ, ಕ್ರಿಮಿಗಳು ಹತ್ತೇ ನಿಮಿಷಕ್ಕೆ ಸಾಯುತ್ತವೆ, ಆಮೇಲಿನದು ಬರೀ ಗ್ಯಾಸ್ ದಂಡ. ಮುಚ್ಚಿಟ್ಟರೆ ಒಂದು ದಿನ ಇರುತ್ತದೆ.

ಆದರೂ ಆದಷ್ಟು ಮಟ್ಟಿಗೆ ರಸ್ತೆ ಬದಿಯ ನಲ್ಲಿಯಿಂದ ತಂದರೆ ಒಳ್ಳೆಯದು. ಬಾವಿಯದನ್ನು ಪಾತ್ರೆಗೆ, ಬಟ್ಟೆಗೆ ಇಟ್ಟುಕೊಳ್ಳಿ. ನಿಜ ಹೇಳಬೇಕೆಂದರೆ ನೀವಿಬ್ಬರೂ ಆ ಕಸದ ಮಗ್ಗುಲಲ್ಲಿ ಇನ್ನೂ ಯಾಕಿರಬೇಕು? ನನಗೆ ಎರಡು ಕೋಣೆಯ ಮನೆ. ಒಂದರಲ್ಲಿ ಹಳೆಯ ಪತ್ರಿಕೆಗಳು ಸಂಸಾರ ಮಾಡುತ್ತಿವೆ. ಬಂದುಬಿಡಿ.

ಅಂಗಿಗಳು ಪಾರ್ಸೆಲಿನಲ್ಲಿವೆ.

ತಮ್ಮ


ಮಾರ್ಚ್ 12

ತಮ್ಮಾ,

ಕಸದ ಮಗ್ಗುಲು ಅಂದೆ. ಆ ಕಸವೇ ನನ್ನ ಮಗಳನ್ನು ಓದಿಸಿತು, ನಿನ್ನ ಭಾವನ ಕಾಲು ಮುರಿದಾಗ ಮನೆ ನಡೆಸಿತು. ನಿನಗೆ ಅಕ್ಕ ಎಲ್ಲಿದ್ದಾಳೆ ಎಂದು ಯಾರಾದರೂ ಕೇಳಿದರೆ ಮುಜುಗರವಾಗುತ್ತದೆ, ಅದನ್ನು ನೇರವಾಗಿ ಬರೆಯಬಹುದಿತ್ತು. ನಲ್ಲಿ ಇರುವುದು ಎರಡು ಕಿಲೋಮೀಟರ್ ಆಚೆ. ಕೊಡ ಹೊತ್ತು ತರಲು ನನ್ನ ಮಂಡಿಯನ್ನು ಕೇಳು, ಅದು ಕೊಡುವ ಉತ್ತರ ಕಾಗದದಲ್ಲಿ ಬರೆಯುವಂಥದ್ದಲ್ಲ.

ಕುದಿಸಿದರೆ ಸಾಕು ಎಂದವನು ನೀನು, ಈಗ ನಲ್ಲಿ ನೀರು ತಾ ಎನ್ನುವವನೂ ನೀನು. ಒಂದು ಹೇಳು.

ಅಂಗಿ ಚೆನ್ನಾಗಿವೆ. ಹಳದಿಯದರ ತೋಳು ತುಸು ಉದ್ದ, ಮಡಿಚಿದರೆ ಸರಿಹೋಗುತ್ತದೆ.

ಅಕ್ಕ


ಮಾರ್ಚ್ 20

ಅಕ್ಕಾ,

ನಿನ್ನ ಬಗ್ಗೆ ಯಾವತ್ತೂ ನನಗೆ ಮುಜುಗರವಾಗಿಲ್ಲ. ನಾನು ಹೇಳಲು ಹೊರಟಿದ್ದು ಬೇರೆ, ಕಾಗದಕ್ಕೆ ಇಳಿದದ್ದು ಬೇರೆ. ಹೋಗಲಿ ಬಿಡು. ಕುದಿಸಿ ಕುಡಿ, ಅಷ್ಟು ಸಾಕು.

ತಮ್ಮ


ಏಪ್ರಿಲ್ 9

ತಮ್ಮಾ,

ಆಸ್ಪತ್ರೆಯ ಮಕ್ಕಳ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೋ.

ಮೊದಲು ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಮಗಳು ಗಂಡನ ಮನೆಯಲ್ಲಿಲ್ಲ. ಜನವರಿ ಕೊನೆಗೇ ಹಸಿ ಬಾಣಂತಿ ಮಗುವನ್ನೆತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ಯಾಕೆ ಎಂದು ಕೇಳಿದ್ದಕ್ಕೆ ರವಿಕೆಯ ತೋಳು ಸರಿಸಿ ತೋರಿಸಿದಳು. ಆಮೇಲೆ ನಾನು ಕೇಳಲಿಲ್ಲ. ನೀನು ನೋಡಿದ ಸಂಬಂಧ, ನೀನು ನೊಂದುಕೊಳ್ಳುತ್ತೀಯ ಎಂದು ಬರೆಯಲಿಲ್ಲ. ಜ್ವರ ಬಂದು ಅವಳ ಹಾಲು ಬತ್ತಿತು. ಮಗುವಿಗೆ ಡಬ್ಬಿಯ ಹಾಲಿನ ಪುಡಿ, ಬಾಟಲಿ. ಅರ್ಧಕ್ಕೆ ಇಳಿಸಿ ಬೇರೆ ಚೊಂಬಿನಲ್ಲಿ ಬಟ್ಟೆ ಕಟ್ಟಿಡುತ್ತಿದ್ದ ನೀರು ಆ ಕೂಸಿಗೆ.

ಹದಿನೈದು ದಿನದಿಂದ ಮಗು ಮಂಕಾಗಿತ್ತು. ಮೊನ್ನೆ ಮಧ್ಯಾಹ್ನ ಸ್ನಾನ ಮಾಡಿಸುವಾಗ ತುಟಿ ನೋಡಿದೆ, ಬೂದಿ ಬೆರೆತ ನೀಲಿ. ಉಗುರೂ ಹಾಗೇ. ನೀರು ತಣ್ಣಗಿತ್ತೇನೋ ಎಂದುಕೊಂಡು ಬಟ್ಟೆ ಸುತ್ತಿ ಎದೆಗೊತ್ತಿಕೊಂಡೆ. ಮೈ ಬೆಚ್ಚಗಾಯಿತು, ಬಣ್ಣ ತಿರುಗಲಿಲ್ಲ. ಮಗಳು ಏನೋ ಕಿರುಚಿದಳು, ನನಗೆ ಕೇಳಲಿಲ್ಲ, ಬಾಯಿ ಮಾತ್ರ ಕಂಡಿತು. ಓಣಿಯಲ್ಲಿ ಮೀನಿನ ಟೆಂಪೋ ನಿಂತಿತ್ತು, ಅದರಲ್ಲೇ ಬಂದೆವು.

ಇಲ್ಲಿ ಡಾಕ್ಟರಮ್ಮ ಸೂಜಿಯಲ್ಲಿ ರಕ್ತ ತೆಗೆದರು. ಅದು ಕೆಂಪಿರಲಿಲ್ಲ ತಮ್ಮಾ, ಚಾಕಲೇಟಿನ ಹಾಗೆ ಕಂದು. ಅವರು ರಕ್ತವನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕಡೆ ತಿರುಗಿದರು. ಮಗಳು ನನ್ನ ಬಲಗಿವಿಗೆ ಕೂಗಿ ಹೇಳಿದಳು, "ಹಾಲು ಯಾವ ನೀರಲ್ಲಿ ಕಲಸ್ತೀರಿ ಅಂತ ಕೇಳ್ತಿದಾರೆ."

"ಬಾವಿ ನೀರು. ಆದ್ರೆ ಕುದಿಸ್ತೀವಿ. ಅರ್ಧಕ್ಕಿಳಿಯೋವರೆಗೆ ಕುದಿಸ್ತೀವಿ" ಅಂದೆ. ಹೆಮ್ಮೆಯಿಂದಲೇ ಅಂದೆ.

ಡಾಕ್ಟರಮ್ಮ ಜೇಬಿನಿಂದ ಚೀಟಿ ತೆಗೆದು ಬರೆದು ನನ್ನ ಕೈಗೆ ಕೊಟ್ಟರು. ಹೀಗಿತ್ತು: "ನೀರಿನಲ್ಲಿ ನೈಟ್ರೇಟ್ ಇರಬೇಕು. ಹಾಲುಗೂಸಿನ ರಕ್ತ ಕೆಡಿಸುವುದು ಅದೇ. ಕುದಿಸಿದರೆ ಹೋಗುವುದಿಲ್ಲ. ನೀರು ಇಳಿದಷ್ಟೂ ಅದು ಗಟ್ಟಿಯಾಗುತ್ತದೆ."

ನೀಲಿಯಾದ ಕೂಸಿಗೆ ನೀಲಿ ಬಣ್ಣದ್ದೇ ಔಷಧಿ ಚುಚ್ಚಿದರು. ಒಂದು ಗಂಟೆಯಲ್ಲಿ ತುಟಿ ಕೆಂಪಾಯಿತು. ಈಗ ಅಳುತ್ತಿದೆಯಂತೆ, ನರ್ಸು ನಗುತ್ತಾ ಹೇಳಿ ಹೋದಳು. ನನಗೆ ಕೇಳುವುದಿಲ್ಲ, ಗಾಜಿನಾಚೆ ಬಾಯಿ ಅಗಲವಾಗುವುದು ಕಾಣುತ್ತದೆ.

ಒಂದೇ ಮಾತು ಕೇಳುತ್ತೇನೆ. ಆ ಬಾಟಲಿಗಳಲ್ಲಿ ನಿನಗೆ ಈ ನೈಟ್ರೇಟ್ ಕಾಣಲಿಲ್ಲವೇ? ಅಥವಾ ನಿಮ್ಮ ಲ್ಯಾಬಿನಲ್ಲಿ ಅದನ್ನು ನೋಡುವುದೇ ಇಲ್ಲವೇ? ಇಲ್ಲ ಎಂದು ಬರೆದರೆ ನಾನು ನಂಬುತ್ತೇನೆ.

ಅಕ್ಕ


ಏಪ್ರಿಲ್ 13

ಅಕ್ಕಾ,

ಕಂಡಿತ್ತು.

ಲೀಟರಿಗೆ ನಲವತ್ತೈದು ಮಿಲಿಗ್ರಾಂ ಮಿತಿ. ನಿನ್ನ ಬಾವಿಯಲ್ಲಿ ನೂರ ತೊಂಬತ್ತು. ಕೈತಪ್ಪಾಗಿರಬೇಕು ಎಂದು ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ ಬಂತು. ಆ ಬಾಟಲಿಗಳನ್ನು ನಾನು ರಿಜಿಸ್ಟರಿಗೆ ಹತ್ತಿಸಿರಲಿಲ್ಲ. ಹತ್ತಿಸಿದ್ದರೆ ವಾರದೊಳಗೆ ತನಿಖೆಗೆ ಬರುತ್ತಿದ್ದರು, ಬಂದವರು ಮೊದಲು ಬೀಗ ಹಾಕುವುದು ನಿಮ್ಮ ಶೆಡ್ಡಿಗೆ. ಈ ವಯಸ್ಸಿನಲ್ಲಿ, ಈ ಕಿವಿ ಇಟ್ಟುಕೊಂಡು, ನಿನಗೆ ಬೇರೆ ಕೆಲಸ ಯಾರು ಕೊಡುತ್ತಾರೆ ಎಂದು ಯೋಚಿಸಿದೆ. ಇಷ್ಟು ನೈಟ್ರೇಟ್ ದೊಡ್ಡವರಿಗೆ ತಕ್ಷಣ ಏನೂ ಮಾಡುವುದಿಲ್ಲ. ಕ್ರಿಮಿಗಳಿಂದಲೇ ಭಾವನ ಹೊಟ್ಟೆ ಕೆಡುತ್ತಿರುವುದು, ಅದಕ್ಕೆ ಕುದಿಸಿದರೆ ಸಾಕು, ಉಳಿದದ್ದನ್ನು ಎದುರಿಗೆ ಸಿಕ್ಕಾಗ ಮೆಲ್ಲಗೆ ಹೇಳೋಣ ಎಂದುಕೊಂಡೆ. ಹಾಲುಗೂಸುಗಳ ವಿಷಯ ನಮ್ಮ ಪುಸ್ತಕದಲ್ಲಿ ಅದೇ ಪುಟದ ಕೆಳಗೆ ಇದೆ. ಓದಿದ್ದೆ. ನಿಮ್ಮ ಮನೆಯಲ್ಲಿ ಹಾಲುಗೂಸಿಲ್ಲ ಎಂದು ಪುಟ ಮಗುಚಿದೆ.

ನೀರನ್ನು ಅರ್ಧಕ್ಕೆ ಇಳಿಸುತ್ತೇನೆ ಎಂದು ನೀನು ಬರೆದಾಗ ಆ ನೂರ ತೊಂಬತ್ತನ್ನು ಎರಡರಿಂದ ಗುಣಿಸಿ ನೋಡಿದೆ. ನಲ್ಲಿ ನೀರು ತಾ, ಇಲ್ಲಿಗೆ ಬಂದುಬಿಡಿ ಎಂದೆಲ್ಲ ಸುತ್ತಿ ಬಳಸಿ ಬರೆದದ್ದು ಅದಕ್ಕೇ. ಕಷಾಯ ಎಂದು ತಮಾಷೆ ಮಾಡಿದೆ, ನಿಜ ಹೇಳಲಿಲ್ಲ. ಹಳದಿ ಅಂಗಿಯ ತೋಳು ಉದ್ದ ಎಂದು ಓದಿದಾಗಲಾದರೂ ತಲೆಗೆ ಹೊಳೆಯಬೇಕಿತ್ತು. ತೊಡಿಸಿ ನೋಡದವಳಿಗೆ ತೋಳಿನ ಉದ್ದ ಹೇಗೆ ಗೊತ್ತಾಗುತ್ತದೆ?

ಮದುವೆಯ ವಿಷಯಕ್ಕೆ ಏನು ಹೇಳಲಿ. ಅವನ ಅಣ್ಣ ನನ್ನ ಜೊತೆ ಓದಿದವನು, ಒಳ್ಳೆಯವನು. ಅಣ್ಣ ಒಳ್ಳೆಯವನೆಂದು ತಮ್ಮನನ್ನು ಒಪ್ಪಿದೆ.

ನಾನು ಬರಲೇ? ಇವತ್ತೇ ಹೊರಡುತ್ತೇನೆ. ಒಂದು ಸಾಲು ಬರೆ.

ತಮ್ಮ


ಏಪ್ರಿಲ್ 19

ಅಕ್ಕಾ,

ಉತ್ತರವಿಲ್ಲ. ಮಗು ಮನೆಗೆ ಬಂತೇ? ಹಾಲಿಗೆ ಸದ್ಯಕ್ಕೆ ಅಂಗಡಿಯ ಸೀಲ್ ಮಾಡಿದ ನೀರನ್ನೇ ಬಳಸಿ. ಹತ್ತು ಕ್ಯಾನು ಕಳಿಸಿದ್ದೇನೆ.

ತಮ್ಮ


ಏಪ್ರಿಲ್ 27

ಅಕ್ಕಾ,

ಬಸ್ಸಿನ ಡ್ರೈವರನ್ನು ಕೇಳಿದೆ. "ಕ್ಯಾನ್ ಇಳಿಸ್ಕೊಂಡ್ರು ಸಾರ್, ಮಾತಾಡ್ಲಿಲ್ಲ" ಎಂದ. ಇಳಿಸಿಕೊಂಡೆಯಲ್ಲ, ಅಷ್ಟು ಸಾಕು.

ತಮ್ಮ


ಮೇ 2

ತಮ್ಮಾ,

ಮಗು ಮನೆಗೆ ಬಂದು ಎರಡು ವಾರವಾಯಿತು. ಹಾಲು ಕುಡಿಯುತ್ತದೆ, ಕಾಲು ಒದೆಯುತ್ತದೆ. ಬರಬೇಡ. ಮಗಳು ಇನ್ನೂ ನಿನ್ನ ಸುದ್ದಿ ಎತ್ತಿದರೆ ಎದ್ದು ಹೋಗುತ್ತಾಳೆ.

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿತ್ತು, ನಿಜ. ಆದರೆ ನಿನ್ನ ಮೇಲೆ ಸಿಟ್ಟು ಮಾಡಿ ಕೂತಾಗೆಲ್ಲ ನಡುವೆ ನನ್ನದೇ ಕೈ ಅಡ್ಡ ಬರುತ್ತಿತ್ತು. ಶೆಡ್ಡಿನ ಹಿಂದೆ ಯಾರಾದರೂ ಸುರಿಯುತ್ತಿದ್ದಾರೆಯೇ ಎಂದು ನೀನು ಕೇಳಿದ್ದೆ. ಇಲ್ಲ ಎಂದೆ. ಸುಳ್ಳು.

ಪಟ್ಟಣದ ಪಾಯಿಖಾನೆ ಗುಂಡಿಗಳನ್ನು ಖಾಲಿ ಮಾಡುವ ಟ್ಯಾಂಕರ್‌ಗಳಿವೆಯಲ್ಲ, ಅವು ದೂರದ ಸಂಸ್ಕರಣಾ ಘಟಕಕ್ಕೆ ಹೋಗಬೇಕು. ಹೋದ ವರ್ಷದಿಂದ ನಮ್ಮಲ್ಲಿಗೆ ಬರುತ್ತಿವೆ. ಆಫೀಸಿನವರು ಊಟಕ್ಕೆ ಹೋದ ಹೊತ್ತಿನಲ್ಲಿ ಎರಡೋ ಮೂರೋ. ಹಿಂದಿನ ಮರಳಗುಂಡಿಯಲ್ಲಿ ಪೈಪು ಬಿಟ್ಟು ಖಾಲಿ ಮಾಡಿ ಹೋಗುತ್ತವೆ. ಮೊದಲ ದಿನ ನಾನು ಗೇಟಿಗೆ ಅಡ್ಡ ನಿಂತೆ. ಮೇಸ್ತ್ರಿ ಬಂದು ನನ್ನ ಮುಖದ ಹತ್ತಿರ ಬಾಯಿ ತಂದು ಹೇಳಿದ, "ಅಮ್ಮಾ, ಕಿವಿ ಕೇಳ್ದೋರ್ಗೆ ಈ ಕಾಲದಲ್ಲಿ ಕೆಲ್ಸ ಇರೋದೇ ದೊಡ್ದು. ಕಣ್ಣೂ ಸ್ವಲ್ಪ ಮಂದ ಮಾಡ್ಕೊಳ್ಳಿ."

ಮಾಡಿಕೊಂಡೆ. ದಿನಾ ತೆಗೆದೆ, ದಿನಾ ಮುಚ್ಚಿದೆ. ಆ ಗುಂಡಿಯಿಂದ ನಮ್ಮ ಬಾವಿಗೆ ನಲವತ್ತು ಹೆಜ್ಜೆ. ಮರಳಿನಲ್ಲಿ ನೀರು ಹೇಗೆ ಇಂಗುತ್ತದೆ ಎಂದು ತಿಳಿಯಲು ಲ್ಯಾಬು ಬೇಕಿಲ್ಲ. ನನಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದೆ. ಹೆದರಿಕೆಗೆ ನಿನಗೆ ಬಾಟಲಿ ಕಳಿಸಿದೆ, ಕುದಿಸಿದರೆ ಸಾಕು ಎಂದು ನೀನು ಬರೆದಾಗ ಜೀವ ಹಗುರಾಯಿತು. ಸಾಕು ಎನ್ನುವ ಮಾತು ನನಗೂ ಬೇಕಿತ್ತು.

ನಿನ್ನ ಏಪ್ರಿಲ್ ಹದಿಮೂರರ ಕಾಗದವನ್ನು ನಿನ್ನೆ ಮಗಳ ಕೈಗೆ ಕೊಟ್ಟೆ. ಓದಿದಳು. "ಅಮ್ಮಾ, ನಾನು, ಮಗು ಇಲ್ಲಿದೀವಿ ಅಂತ ಗೊತ್ತಿದ್ರೆ ಮಾವ ಹೇಳ್ತಿದ್ರಾ?" ಎಂದು ಕೇಳಿದಳು.

"ಹೇಳದೆ ಇರ್ತಿದ್ನಾ?" ಅಂದೆ.

"ಮತ್ತೆ ಬಲೆ ಹೆಣೆಯೋಳ ಕೂಸು? ಆ ತುದಿ ಮನೆ ಅವಳಿ ಮಕ್ಳು? ಅವ್ರೂ ಅದೇ ಬಾವಿ ನೀರು ಕುಡಿಯೋದು. ಅವ್ರು ಇದಾರೆ ಅಂತ ಗೊತ್ತಿದ್ರೆ ಹೇಳ್ತಿದ್ರಾ?"

ಅವಳ ಪ್ರಶ್ನೆಯನ್ನು ಹಾಗೇ ಬರೆದಿದ್ದೇನೆ. ನಿನ್ನನ್ನೇ ಕೇಳುತ್ತಿದ್ದೇನೆ.

ಇನ್ನೊಂದು. ಇದರ ಜೊತೆ ಹೊಸದಾಗಿ ನಾಲ್ಕು ಬಾಟಲಿ ಇದೆ. ಈ ಸಲ ರಿಜಿಸ್ಟರಿಗೆ ಹತ್ತಿಸು. ಕಳಿಸಿದವರು ಯಾರು ಎನ್ನುವ ಕಡೆ ನನ್ನ ಹೆಸರು ಬರೆ.

ಅಕ್ಕ


ಮೇ 11

ಅಕ್ಕಾ,

ಮಗಳ ಪ್ರಶ್ನೆಗೆ ಮೊದಲು ಉತ್ತರ. ನಾಲ್ಕು ಹಾಳೆ ಬರೆದು ಹರಿದೆ. ಎಲ್ಲದರಲ್ಲೂ "ಆದರೆ" ಇತ್ತು.

ಹೇಳುತ್ತಿರಲಿಲ್ಲ. ಹನ್ನೊಂದು ಮನೆಯಲ್ಲಿ ನನಗೆ ಕಂಡದ್ದು ಒಂದೇ ಮನೆ. ಮೂವತ್ತು ವರ್ಷ ನಾನು ಬಾಟಲಿಗಳನ್ನು ನೋಡಿದ್ದೇನೆ ಅಕ್ಕಾ, ಕುಡಿಯುವವರನ್ನು ನೋಡಿಲ್ಲ.

ಬಾಟಲಿಗಳನ್ನು ರಿಜಿಸ್ಟರಿಗೆ ಹತ್ತಿಸಿದೆ. ಇನ್ನೂರ ಹತ್ತು ಬಂತು. ವರದಿಗೆ ಸಹಿ ಹಾಕಿ, ಫೆಬ್ರವರಿಯ ಸಂಗತಿಯನ್ನೂ ಬೇರೆ ಹಾಳೆಯಲ್ಲಿ ಬರೆದು ಜೊತೆಗಿಟ್ಟೆ. ನಮ್ಮ ಅಧಿಕಾರಿ ಕನ್ನಡಕ ತೆಗೆದು ಕೇಳಿದರು, "ಇದನ್ನ ಯಾಕಪ್ಪ ನೀನಾಗೇ ಬರ್ಕೊಟ್ಟೆ? ಯಾರೂ ಕೇಳಿರ್ಲಿಲ್ವಲ್ಲ."

"ಅದೇ ಸಾರ್ ತೊಂದ್ರೆ ಆಗಿದ್ದು" ಅಂದೆ.

ಅಮಾನತು ಮಾಡಿದ್ದಾರೆ. ನಿವೃತ್ತಿಗೆ ಎರಡು ವರ್ಷವಿತ್ತು. ಪರಿಸರ ಇಲಾಖೆಯವರು ನಿಮ್ಮಲ್ಲಿಗೆ ಇದೇ ವಾರ ಬರುತ್ತಾರೆ. ವರದಿಯ ಮೊಹರು ಹಾಕಿದ ಪ್ರತಿ ಇದರಲ್ಲಿದೆ, ಓಣಿಯಲ್ಲಿ ಎಲ್ಲರಿಗೂ ತೋರಿಸು. ಬಾವಿಯ ನೀರನ್ನು ಕೂಸುಗಳಿಗಾಗಲಿ ಬಸುರಿಯರಿಗಾಗಲಿ ಒಂದು ಹನಿಯೂ ಕೊಡಬಾರದು, ಕುದಿಸಿಯೂ ಕೊಡಬಾರದು. ಈ ಸಾಲನ್ನು ನೀನೇ ಗಟ್ಟಿಯಾಗಿ ಓದು.

ತಮ್ಮ


ಜೂನ್ 6

ತಮ್ಮಾ,

ನಿನ್ನ ಕಾಗದ ಬಂದ ಸಂಜೆಯೇ ಬಾವಿಕಟ್ಟೆಯ ಹತ್ತಿರ ನಿಂತು ಓದಿದೆ. ನನ್ನ ದನಿ ಎಷ್ಟು ಏರಿದೆ ಎಂದು ನನಗೆ ತಿಳಿಯುವುದಿಲ್ಲ, ಆ ತುದಿಯ ಮನೆಯವರೂ ಹೊರಗೆ ಬಂದರು ಎಂದ ಮೇಲೆ ಸಾಕಷ್ಟು ಏರಿರಬೇಕು. ಅವಳಿ ಮಕ್ಕಳಿಗೆ ತಾಯಿ ಹಾಲೇ ಇದೆ, ತೊಂದರೆಯಿಲ್ಲ. ಬಲೆ ಹೆಣೆಯುವವಳ ಕೂಸನ್ನು ಮಾರನೆಯ ದಿನ ಆಸ್ಪತ್ರೆಗೆ ಒಯ್ದರು. ರಕ್ತದಲ್ಲಿ ಸ್ವಲ್ಪ ಇತ್ತು, ಔಷಧಿ ಬೇಕಾಗಲಿಲ್ಲ, ನೀರು ಬದಲಾಯಿಸಿ ಎಂದರಂತೆ. ಇನ್ನೊಂದು ತಿಂಗಳು ಹೋಗಿದ್ದರೆ ಏನೋ.

ಇಲಾಖೆಯವರು ಬಂದರು. ಗೇಟು ತೆಗೆದವರು ಯಾರು ಎಂದು ಕೇಳಿದರು. ಮೇಸ್ತ್ರಿ ನೆಲ ನೋಡುತ್ತಿದ್ದ. ನಾನೇ ಎಂದು ಹೇಳಿ ಸಹಿ ಹಾಕಿದೆ, ಯಾರ ಮಾತಿಗೆ ತೆಗೆದೆ ಎಂದೂ ಬರೆಸಿದೆ. ಬಾವಿಗೆ ಕಬ್ಬಿಣದ ಮುಚ್ಚಳ ಬಿತ್ತು. ಶೆಡ್ಡಿಗೂ ಬೀಗ ಬಿತ್ತು. ಕಸ ಆರಿಸುವ ಹದಿನೆಂಟು ಹೆಂಗಸರು ಮನೆಯಲ್ಲಿದ್ದಾರೆ. ಪಾಯಿಖಾನೆಯ ಟ್ಯಾಂಕರು ಅವರು ತಂದದ್ದಲ್ಲ, ಕೆಲಸ ಹೋದದ್ದು ಅವರದ್ದು. ಇಬ್ಬರು ಮೂವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಬೈಯುತ್ತಿದ್ದಾರೋ ಏನೋ, ಕಿವಿ ಹೋದದ್ದಕ್ಕೆ ಇಷ್ಟಾದರೂ ಲಾಭ. ಶೆಡ್ಡನ್ನು ಬೇರೆ ಜಾಗದಲ್ಲಿ ತೆರೆಯುತ್ತಾರಂತೆ, ಯಾವಾಗ ಎಂದು ಗೊತ್ತಿಲ್ಲ. ತೆರೆದರೂ ನನ್ನನ್ನು ಕರೆಯುವುದಿಲ್ಲ. ಕುಡಿಯುವ ನೀರಿನ ಟ್ಯಾಂಕರ್ ದಿನ ಬಿಟ್ಟು ದಿನ ಬರುತ್ತದೆ. ಬೆಳಿಗ್ಗೆ ಐದಕ್ಕೇ ಕೊಡ ಸಾಲಿಗೆ ಇಡಬೇಕು. ತುಂಬಾ ಸುಸ್ತಾಗುತ್ತದೆ ತಮ್ಮಾ. ಹೊತ್ತು ತಂದ ಮೇಲೆ ಹೊಸ್ತಿಲ ಮೇಲೆ ಕೂತರೆ ಏಳಲು ಮನಸ್ಸಾಗುವುದಿಲ್ಲ.

ನಿನ್ನ ಉತ್ತರವನ್ನು ಮಗಳು ಓದಿದಳು. "ಹೇಳುತ್ತಿರಲಿಲ್ಲ" ಎನ್ನುವಲ್ಲಿ ಬೆರಳಿಟ್ಟು ಮತ್ತೊಮ್ಮೆ ಓದಿದಳು. ಕಾಗದ ಮಡಿಚಿ ಹರಿಯುತ್ತಾಳೆ ಅಂದುಕೊಂಡೆ. ಹರಿಯಲಿಲ್ಲ, ಮಗುವಿನ ಆಸ್ಪತ್ರೆ ಕಾಗದಗಳ ಜೊತೆ ಇಟ್ಟಳು. ನಿನ್ನೆ ನೀರು ತುಂಬುವಾಗ ತಾನಾಗಿ ಕೇಳಿದಳು, "ಮಾವನ್ನ ಕೆಲಸದಿಂದ ತೆಗ್ದೇಬಿಟ್ರಾ?" ಅಮಾನತು ಅಂದೆ. ಹೂಂ ಅಂದಳು. ಅಷ್ಟೇ.

ಬಾ ಎಂದು ಅವಳು ಹೇಳಿಲ್ಲ. ಬರಬೇಡ ಎಂದೂ ಈ ಸಲ ಹೇಳಲಿಲ್ಲ. ಆದ್ದರಿಂದ ನಾನು ಹೇಳುತ್ತೇನೆ, ಬಾ. ಬರುವ ಗುರುವಾರ ಬಾ, ಅವತ್ತು ನೀರಿನ ಸರದಿ ಇಲ್ಲ, ಎಲ್ಲರೂ ಮನೆಯಲ್ಲಿರುತ್ತೇವೆ. ನೀನು ಕದ ತಟ್ಟಿದರೆ ನನಗೆ ಕೇಳಿಸುವುದಿಲ್ಲ, ಭಾವನಿಗೆ ಕುಂಟುತ್ತಾ ಏಳಲು ಹೊತ್ತಾಗುತ್ತದೆ. ತೆಗೆಯುವುದಾದರೆ ಅವಳೇ ತೆಗೆಯಬೇಕು. ತಡ ಮಾಡಬಹುದು. ನಿಂತಿರು.

ನಿನ್ನ ಅಕ್ಕ